ನಾನು ಕಡಿಮೆ ಮಾಡಿಸಿದ ಎಕ್ಸ್‌ರೇ

ಅಮೂಲ್ಯ ಈಗ ನಡೆಯುತ್ತಾಳೆ, ಓಡುತ್ತಾಳೆ, ಶಾಲೆಗೆ ಹೋಗುತ್ತಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಮಗಳಿಗೆ ಕಾಯಿಲೆಯಾಗಿದ್ದ ದಿನಗಳಲ್ಲಿ ಇಂಥ ಬರಹ ಯಾವುದು ಸಿಕ್ಕರೂ ನಾನು ಕೊನೆಯ ಪುಟವನ್ನೇ ಮೊದಲು ನೋಡುತ್ತಿದ್ದೆ. ಮಗುವಿನ ಕಾಲು ಉಳಿಯಿತೇ ಎಂದು ತಿಳಿಯದೆ ಒಂದು ಸಾಲೂ ತಲೆಗೆ ಹೋಗುತ್ತಿರಲಿಲ್ಲ. ಉಳಿದಿದೆ. ಒಂದೂವರೆ ವರ್ಷದ ಮಾತ್ರೆಯೂ ಮುಗಿದಿದೆ. ಆದರೂ ತರಗತಿಯಲ್ಲಿ ಪಾಠ ಮಾಡುವಾಗ, ಸಾರಿಗೆ ಒಗ್ಗರಣೆ ಹಾಕುವಾಗ, ಒಂದು ಬೂದು ಬಣ್ಣದ ಚಿತ್ರ ಬಂದು ಕಣ್ಣ ಮುಂದೆ ನಿಲ್ಲುತ್ತದೆ. ನನ್ನ ಮಗಳ ಬೆನ್ನಿನ ಮೊದಲ ಎಕ್ಸ್‌ರೇ ಅದು. ಹಾಗೆ ಬೂದಾಗಿ ಬರುವಂತೆ ಮಾಡಿಸಿದವಳು ನಾನು.

ನಾನು ಹೊಸದುರ್ಗದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವಳು. ನಮ್ಮ ಮನೆಯವರು ಮಂಜಣ್ಣ, ಬಸ್ ಕಂಡಕ್ಟರ್, ಹಿರಿಯೂರು ಕಡೆಯ ರೂಟು. ಅವರ ಊರು ಮಾಡದಕೆರೆ ಹತ್ತಿರ. ಅಲ್ಲಿ ಮೈದುನ ಈಗಲೂ ಕುರಿ ಸಾಕುತ್ತಾನೆ. ಅತ್ತೆ ನಮ್ಮ ಜೊತೆ ಇದ್ದಾರೆ. ಅಮೂಲ್ಯಳಿಗೆ ಆಗ ಎಂಟು ವರ್ಷ, ಮೂರನೇ ತರಗತಿ.

ಮೊದಲು ಗಮನಿಸಿದವರು ಅತ್ತೆ.

"ಏನೇ ಇದು, ನಿನ್ನ ಮಗಳು ನನ್ಗಿಂತ ಮುದುಕಿ ಆಗಿದಾಳೆ. ಬಿದ್ದ ಪೆನ್ಸಿಲ್ ಎತ್ತಾಕೆ ಬಗ್ಗಲ್ಲ. ಮಂಡಿ ಹಿಡ್ಕಂಡು ನೆಟ್ಟಗೆ ಕುಂತು ಎತ್ತಾಳೆ."

ನಾನು ನಕ್ಕೆ. ಮನೆಯವರು ಸ್ಕೂಲ್ ಬ್ಯಾಗನ್ನು ಎತ್ತಿ ನೋಡಿ, "ಇದನ್ನ ಹೊತ್ರೆ ನನ್ ಬೆನ್ನೂ ಹೋಗ್ತೈತೆ" ಎಂದರು. ಬ್ಯಾಗಿನ ಭಾರ ಕಡಿಮೆ ಮಾಡಿದೆವು. ನೋವು ಕಡಿಮೆಯಾಗಲಿಲ್ಲ. ಸಂಜೆ ಹೊತ್ತು ಮೈ ಸ್ವಲ್ಪ ಬಿಸಿ ಇರುತ್ತಿತ್ತು, ಬೆಳಿಗ್ಗೆ ಇರುತ್ತಿರಲಿಲ್ಲ. ಮೂರು ವಾರ ಕಳೆದ ಮೇಲೆ ಊರಿನ ಮೂಳೆ ಡಾಕ್ಟರ ಹತ್ತಿರ ಹೋದೆವು. ಅವರು ಬೆನ್ನನ್ನು ಒತ್ತಿ ನೋಡಿ, ಮುಂದಿನಿಂದ ಒಂದು, ಪಕ್ಕದಿಂದ ಒಂದು ಎಕ್ಸ್‌ರೇ ಎಂದು ಚೀಟಿ ಬರೆದರು.

ನನ್ನ ಕೈಯಲ್ಲಿ ಹಳೆಯ ಎಕ್ಸ್‌ರೇಗಳ ಕವರು ಇತ್ತು. ಎರಡು ಸಲ ಎದೆಯಲ್ಲಿ ಕಫ ಕಟ್ಟಿದಾಗ ತೆಗೆಸಿದ್ದು, ಮೈದುನನ ಊರಲ್ಲಿ ಕುರಿಹಟ್ಟಿಯ ಬೇಲಿ ಹತ್ತಿ ಬಿದ್ದು ಕೈ ಮುರಿದುಕೊಂಡಾಗ ತೆಗೆಸಿದ್ದು, ಪಟ್ಟಿ ಹಾಕುವ ಮುಂಚೆ, ಹಾಕಿದ ಮೇಲೆ, ಬಿಚ್ಚಿದ ಮೇಲೆ. ಚೀಟಿ ಹಿಡಿದು ನಡೆಯುತ್ತಾ ನಾನು ಅವನ್ನೆಲ್ಲ ಮನಸ್ಸಿನಲ್ಲಿ ಕೂಡಿಸುತ್ತಿದ್ದೆ. ಕ್ಷ-ಕಿರಣ ಜೀವಕೋಶಕ್ಕೆ ಏನು ಮಾಡುತ್ತದೆ ಎಂದು ವರ್ಷಕ್ಕೊಮ್ಮೆ ಕರಿಹಲಗೆಯ ಮೇಲೆ ಬರೆಯುವವಳು ನಾನು. ಬೆಳೆಯುವ ಮಕ್ಕಳಿಗೆ ಅಪಾಯ ಹೆಚ್ಚು ಎನ್ನುವುದನ್ನು ಅಡಿಗೆರೆ ಹಾಕಿ ಹೇಳುತ್ತೇನೆ. ನಾನು ಓದಿದ್ದು ಸುಳ್ಳೇನಲ್ಲ. ಅದರಲ್ಲಿ ಅರ್ಧ ಮಾತ್ರ ಓದಿದ್ದೆ ಎನ್ನುವುದು ಆಗ ನನಗೆ ಗೊತ್ತಿರಲಿಲ್ಲ.

ಎಕ್ಸ್‌ರೇ ಸೆಂಟರಿನಲ್ಲಿ ಕೆಲಸ ಮಾಡುವವನು ತಿಪ್ಪೇಶ. ಹತ್ತು ವರ್ಷದ ಹಿಂದೆ ನನ್ನ ವಿದ್ಯಾರ್ಥಿ, ಎರಡನೇ ಬೆಂಚು, ಅಕ್ಷರ ದುಂಡಗೆ. ನನ್ನನ್ನು ನೋಡಿದ್ದೇ ಎದ್ದು ನಿಂತ.

"ಬರ್ರಿ ಮೇಡಂ, ಕುಂತ್ಕಳ್ರಿ. ಪುಟ್ಟಿಗೆ ಏನಾಗೈತೆ?"

ಸಾಲಿನಲ್ಲಿ ನಮಗಿಂತ ಮುಂದೆ ಇದ್ದವರನ್ನು ಬಿಟ್ಟು ನಮ್ಮನ್ನು ಒಳಗೆ ಕರೆದ. ಒಬ್ಬ ಯಜಮಾನರು, "ಏನಪ್ಪ, ನಾವು ಮನುಷ್ಯರಲ್ವಾ?" ಎಂದರು. "ನಮ್ ಮೇಡಂ ಕಣಜ್ಜ," ಎಂದ ತಿಪ್ಪೇಶ, ಅದೇ ಉತ್ತರ ಸಾಕು ಎನ್ನುವಂತೆ. ನನಗೆ ಹೆಮ್ಮೆಯಾಯಿತು. ಆ ಹೆಮ್ಮೆಯನ್ನೂ ನಾನು ಇಲ್ಲಿ ಬರೆಯಲೇಬೇಕು.

ಮುಂದಿನಿಂದ ತೆಗೆಯುವುದು ಮುಗಿಯಿತು. ಅಮೂಲ್ಯಳನ್ನು ಪಕ್ಕಕ್ಕೆ ತಿರುಗಿಸಿ ಮಲಗಿಸಿ, ಅವನು ಗಾಜಿನ ತಡೆಯ ಹಿಂದೆ ಬಂದು ಯಂತ್ರದಲ್ಲಿ ಕಿರಣದ ಪ್ರಮಾಣದ ಅಂಕಿಗಳನ್ನು ಏರಿಸತೊಡಗಿದ. ನಾನು ಅವನ ಹಿಂದೆಯೇ ನಿಂತಿದ್ದೆ.

"ತಿಪ್ಪೇಶ, ಇದೇನು ಇಷ್ಟು ಏರಿಸ್ತಿದ್ದೀಯ?"

"ಪಕ್ಕದ್ದು ಅಲ್ವಾ ಮೇಡಂ. ಮೈ ದಪ್ಪ ಸಿಗ್ತೈತೆ, ಮೂಳೆ ಮೇಲೆ ಮೂಳೆ ಬರ್ತೈತೆ. ಇಷ್ಟು ಬೇಕಾಗ್ತೈತೆ."

"ಎಂಟು ವರ್ಷದ ಮಗು ಕಣಪ್ಪ. ಈಗಾಗಲೇ ಎಷ್ಟು ತೆಗೆಸಿದೀವಿ ನೋಡು." ಕವರನ್ನು ಎತ್ತಿ ತೋರಿಸಿದೆ. "ಎಷ್ಟು ಕಡಿಮೆ ಆಗುತ್ತೋ ಅಷ್ಟು ಕಡಿಮೆ ಮಾಡು."

"ಮಕ್ಕಳಿಗೆ ಅಂತ ಆಗ್ಲೇ ಕಡಿಮೆ ಮಾಡೀನಿ ಮೇಡಂ. ಇನ್ನೂ ಇಳಿಸಿದ್ರೆ ಸರಿಯಾಗಿ ಕಾಣಲ್ಲ."

"ಕ್ಲಾಸಲ್ಲಿ ನಾನೇ ಹೇಳಿಕೊಟ್ಟಿದ್ದಲ್ವಾ ನಿಂಗೆ?"

ಅವನ ಕೈ ಗುಂಡಿಯ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ "ಹೂಂ ಮೇಡಂ" ಎಂದು ಅಂಕಿಯನ್ನು ಇಳಿಸಿದ. ನಾನು ನೋಡುತ್ತಲೇ ಇದ್ದೆ. "ಇನ್ನೂ ಸ್ವಲ್ಪ" ಎಂದೆ. ಇನ್ನೂ ಸ್ವಲ್ಪ ಇಳಿಸಿದ. ನಮ್ಮ ಕಡೆಯ ಮಕ್ಕಳು ಹೀಗೇ. ಪಾಠ ಹೇಳಿದವರಿಗೆ ಎದುರು ಮಾತಾಡುವುದಿಲ್ಲ. ಅದನ್ನು ಅವರಿಗೆ ಕಲಿಸಿದವರೂ ನಾವೇ.

ಕಂಪ್ಯೂಟರಿನಲ್ಲಿ ಚಿತ್ರ ಬಂತು. ಅವನು ಹತ್ತಿರ ಬಗ್ಗಿ ನೋಡಿ, ಬೆಳಕು ಹೆಚ್ಚು ಮಾಡಿ, ಕಡಿಮೆ ಮಾಡಿ ನೋಡಿದ.

"ಮರಳು ಉದುರಿಸ್ದಂಗೆ ಬಂದೈತೆ ಮೇಡಂ. ಇನ್ನೊಂದು ತೆಗೀಲಾ?"

"ಇನ್ನೊಂದು ತೆಗೆದ್ರೆ ಕಡಿಮೆ ಮಾಡಿದ್ದಕ್ಕೆ ಅರ್ಥ ಏನು ಉಳೀತು? ಸಾಕು, ಇದನ್ನೇ ಕೊಡು."

ಮೂಳೆ ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿದರು. "ಪಕ್ಕದ್ದು ಅಷ್ಟು ಚೆನ್ನಾಗಿ ಬಂದಿಲ್ಲ. ಇನ್ನೊಂದು ತೆಗೆಸ್ತೀರಾ?" ಎಂದು ಅವರೂ ಕೇಳಿದರು. "ಬೇಕೇ ಬೇಕಾ ಸರ್? ತುಂಬಾ ಆಗಿದೆ ಇವಳಿಗೆ," ಎಂದೆ. ಹೊರಗೆ ಜನ ಬಾಗಿಲಿನ ತನಕ ನಿಂತಿದ್ದರು. ಅವರು ಇನ್ನೊಮ್ಮೆ ನೋಡಿ, "ದೊಡ್ಡದು ಏನೂ ಕಾಣ್ತಾ ಇಲ್ಲ. ಮಾಂಸಖಂಡ ಹಿಡಿದಿರಬಹುದು. ಕಡಿಮೆ ಆಗದಿದ್ರೆ ಎರಡು ವಾರ ಬಿಟ್ಟು ಬನ್ನಿ," ಎಂದು ಮುಲಾಮು, ಸಿರಪ್ ಬರೆದುಕೊಟ್ಟರು. ಮನೆಗೆ ಬಂದು ಮನೆಯವರಿಗೆ ನಾನೇ ಹೇಳಿದೆ, ಎಕ್ಸ್‌ರೇಯಲ್ಲಿ ಏನೂ ಇಲ್ಲ ಎಂದು. ಏನೂ ಕಾಣುತ್ತಿಲ್ಲ ಎನ್ನುವುದು ನನ್ನ ಬಾಯಲ್ಲಿ ಏನೂ ಇಲ್ಲ ಎಂದಾಗಿತ್ತು.

ಎರಡು ವಾರಕ್ಕೆ ನಾವು ಹೋಗಲಿಲ್ಲ. ನೋವು ಒಂದು ದಿನ ಇರುತ್ತಿತ್ತು, ಒಂದು ದಿನ ಇರುತ್ತಿರಲಿಲ್ಲ. ಇಲ್ಲದ ದಿನ ಡಾಕ್ಟರು ಹೇಳಿದ್ದು ನಿಜ ಎನಿಸುತ್ತಿತ್ತು. ಇದ್ದ ದಿನ, "ಎಕ್ಸ್‌ರೇಲಿ ಏನೂ ಇಲ್ಲ ಕಣೇ, ಹಟ ಮಾಡಬೇಡ," ಎಂದು ಮಗುವಿಗೆ ಗದರಿದ್ದೇನೆ. ಹೀಗೆ ಏಳು ವಾರ.

ಅತ್ತೆಗೆ ತಡೆಯಲಾಗಲಿಲ್ಲ. ರಾಮಗಿರಿ ಹತ್ತಿರದ ಹಳ್ಳಿಯಲ್ಲಿ ಉಳುಕು ತೆಗೆಯುವವರೊಬ್ಬರು ಇದ್ದಾರೆ, ಒಂದು ಸಲ ಎಳೆದರೆ ಸರಿಹೋಗುತ್ತದೆ, ಹೋಗಾಣ ಎಂದು ಹಟ ಹಿಡಿದರು. ನಾನು ವಿಜ್ಞಾನದ ಟೀಚರು, ಬೇಡ ಎನ್ನಬೇಕಿತ್ತು. ಸುಸ್ತಾಗಿತ್ತು, ಹೂಂ ಎಂದೆ. ಆ ಮನುಷ್ಯನಿಗೆ ಎಪ್ಪತ್ತು ದಾಟಿತ್ತು. ಅಂಗಳದಲ್ಲಿ ಅಮೂಲ್ಯಳನ್ನು ನಾಲ್ಕು ಹೆಜ್ಜೆ ನಡೆಸಿದರು. ಚಾಪೆಯ ಮೇಲೆ ಬೋರಲು ಮಲಗಿಸಿ ಬೆನ್ನಿನ ಮೇಲೆ ಎರಡು ಬೆರಳು ಇಟ್ಟವರು, ಸುಮ್ಮನೆ ಕೈ ತೆಗೆದುಬಿಟ್ಟರು.

"ಇದು ಉಳುಕಲ್ಲ ತಾಯಿ. ನಾನು ಮುಟ್ಟಲ್ಲ. ಫೋಟೋ ತೆಗೆಸಿಲ್ವಾ?"

"ತೆಗೆಸಿದೀವಿ ಅಜ್ಜ. ಏನೂ ಇಲ್ಲ ಅಂದ್ರು."

"ಇನ್ನೊಂದು ಸಲ ತೆಗೆಸ್ರಿ. ದುರ್ಗಕ್ಕೆ ಹೋಗ್ರಿ."

ಅವತ್ತು ಅವರು ಎಳೆದಿದ್ದರೆ ಏನಾಗುತ್ತಿತ್ತು ಎಂದು ಆಮೇಲೆ ಒಬ್ಬ ಡಾಕ್ಟರನ್ನು ಕೇಳಿದೆ. ಅವರು ತಲೆ ಮಾತ್ರ ಆಡಿಸಿದರು. ಓದು ಬರಹ ಬಾರದ ಆ ಅಜ್ಜನಿಗೆ ತನ್ನ ಕೈ ಎಲ್ಲಿ ನಿಲ್ಲಬೇಕು ಎಂದು ಗೊತ್ತಿತ್ತು.

ಎರಡು ದಿನ ಬಿಟ್ಟು ಚಿತ್ರದುರ್ಗಕ್ಕೆ ಹೊರಟೆವು. ಹೊಳಲ್ಕೆರೆಯಲ್ಲಿ ಬಸ್ಸು ಬದಲಾಯಿಸುವಾಗ ಅಮೂಲ್ಯಳ ಎಡಗಾಲಿನ ಚಪ್ಪಲಿ ಕಳಚಿ ಹಿಂದೆಯೇ ಉಳಿಯಿತು. ಅವಳು ಬರಿಗಾಲಿನಲ್ಲಿ ಹತ್ತು ಹೆಜ್ಜೆ ಮುಂದೆ ನಡೆದಿದ್ದಳು. ಹಿಂದಿನಿಂದ ಬಂದ ಹೆಂಗಸೊಬ್ಬರು ಚಪ್ಪಲಿ ತಂದುಕೊಟ್ಟರು.

"ಚಪ್ಪಲಿ ಬಿದ್ದಿದ್ದು ಗೊತ್ತಾಗಲಿಲ್ವೇನೇ?"

"ಇಲ್ಲ," ಎಂದಳು. "ಕಾಲು ಜೋಮು ಹಿಡಿದಿತ್ತು ಅಮ್ಮ. ನಿನ್ನೆಯಿಂದ ಹಿಂಗೇ."

ಬಿಸಿಲಿಗೆ ಕಾದ ನೆಲ ಅದು. ನಾನು ಅವಳ ಅಂಗಾಲು ತಿರುಗಿಸಿ ನೋಡಿದೆ. ಸಣ್ಣ ಜಲ್ಲಿ ಕಲ್ಲೊಂದು ಅಂಟಿಕೊಂಡಿತ್ತು. ಅದನ್ನು ತೆಗೆದಾಗಲೂ ಅವಳು ಕಾಲು ಎಳೆದುಕೊಳ್ಳಲಿಲ್ಲ.

ಚಿತ್ರದುರ್ಗದಲ್ಲಿ ಎಕ್ಸ್‌ರೇ ತೆಗೆದವರು ಮಧ್ಯವಯಸ್ಸಿನ ಒಬ್ಬ ಹೆಂಗಸು. ಅವರು ನನ್ನನ್ನು ಏನೂ ಕೇಳಲಿಲ್ಲ. ನನಗೂ ಏನನ್ನೂ ಹೇಳುವ ಧೈರ್ಯವಿರಲಿಲ್ಲ. ಅರ್ಧ ಗಂಟೆಯ ಮೇಲೆ ಡಾಕ್ಟರಮ್ಮ ಒಳಗೆ ಕರೆದರು. ಪರದೆಯ ಮೇಲೆ ಬೆನ್ನೆಲುಬು ಒಂದೊಂದಾಗಿ, ಅಂಚು ಗೆರೆ ಎಳೆದಂತೆ ಕಾಣುತ್ತಿತ್ತು. ನಡುವಿನ ಎರಡು ಎಲುಬುಗಳ ಮುಂಭಾಗ ಸವೆದು, ಒಂದಕ್ಕೊಂದು ಒರಗಿಕೊಂಡಿದ್ದವು. ಅದನ್ನು ನೋಡಲು ಡಾಕ್ಟರಾಗಬೇಕಿರಲಿಲ್ಲ.

"ಹಳೇ ಎಕ್ಸ್‌ರೇ ಇದೆಯಾ?"

ಕೊಟ್ಟೆ. ಅವರು ಹಳೆಯದನ್ನು ಪಕ್ಕದ ದೀಪದ ಪೆಟ್ಟಿಗೆಗೆ ಸಿಕ್ಕಿಸಿದರು.

"ಇದನ್ನ ತೆಗೆದವರು ಯಾರು? ಇದರಲ್ಲಿ ಇದೆ ಅಂತಲೂ ಹೇಳೋಕಾಗಲ್ಲ, ಇಲ್ಲ ಅಂತಲೂ ಹೇಳೋಕಾಗಲ್ಲ. ಮಗುವಿಗೆ ಸುಮ್ಮನೆ ಎಕ್ಸ್‌ರೇ ಹೊಡೆದಂಗಾಯ್ತು."

ಆ ಮಾತು ಇವತ್ತಿಗೂ ಎದೆಯಲ್ಲಿ ಕುಳಿತಿದೆ. ಕಡಿಮೆ ಕೊಡಿಸಿದೆ ಎಂದು ನಾನು ಬೀಗಿದ್ದೆ. ಏನನ್ನೂ ತೋರಿಸದ ಚಿತ್ರಕ್ಕೆ ಕೊಟ್ಟಿದ್ದು ಎಷ್ಟು ಕಡಿಮೆಯಾದರೂ ದಂಡವೇ. "ಹೊಸದುರ್ಗದಲ್ಲಿ ತೆಗೆಸಿದ್ದು," ಎಂದಷ್ಟೇ ಹೇಳಿದೆ. ಮನೆಯವರು ಅಲ್ಲೇ ಹೊರಗೆ ನಿಂತು ತಿಪ್ಪೇಶನಿಗೆ ಫೋನು ಮಾಡಿದರು. ಕಾರಿಡಾರಿನ ಜನರೆಲ್ಲ ತಿರುಗಿ ನೋಡುವಂತೆ ಕೂಗಾಡಿದರು.

"ಲೇ, ನಿಂಗೆ ಕೆಲಸ ಬರ್ತೈತೋ ಇಲ್ವೋ? ನನ್ ಮಗಳ ಕಾಲು ಹೋದ್ರೆ ನೀನು ತಂದ್ಕೊಡ್ತೀಯೇನೋ?"

ಫೋನಿನಿಂದ ಅವನ ದನಿ ನನಗೂ ಕೇಳಿಸಿತು. "ತಪ್ಪಾಯ್ತು ಅಣ್ಣ." ಮೇಡಂ ಹೇಳಿದರು ಎಂದು ಅವನು ಹೇಳಲಿಲ್ಲ. ನಾನೂ ಹೇಳಲಿಲ್ಲ.

ಎಂಆರ್‌ಐ ಆಯಿತು, ಸೂಜಿ ಹಾಕಿ ಕೀವು ತೆಗೆದು ಪರೀಕ್ಷೆಗೆ ಕಳಿಸಿದರು. ಬೆನ್ನೆಲುಬಿನ ಟಿಬಿ. ಕೀವು ಬೆನ್ನುಹುರಿಯನ್ನು ಒತ್ತುತ್ತಿದೆ. ಮಾತ್ರೆ ಶುರು ಮಾಡೋಣ, ಹದಿನೈದು ದಿನ ನೋಡೋಣ, ಕಾಲಿನ ಶಕ್ತಿ ಇನ್ನೂ ಇಳಿದರೆ ಆಪರೇಷನ್ ಎಂದರು ಡಾಕ್ಟರಮ್ಮ. "ಟಿಬಿ ಅಂದ್ರೆ ಕೆಮ್ಮು ಬರಬೇಕಲ್ವೇನೇ?" ಎಂದು ಅತ್ತೆ ಹತ್ತು ಸಲ ಕೇಳಿದರು. ಮೊದಲ ದಿನ ಅಮೂಲ್ಯಳ ತಟ್ಟೆ ಲೋಟವನ್ನು ಸದ್ದಿಲ್ಲದೆ ಬೇರೆ ಇಟ್ಟರು. ನಮ್ಮ ಬೀದಿಯ ಆಶಾ ಕಾರ್ಯಕರ್ತೆ ಮಾತ್ರೆ ಕೊಡಲು ಬಂದವರು ಅದನ್ನು ನೋಡಿ, "ಅಜ್ಜಿ, ಬೆನ್ನೊಳಗಿರೋದು ತಟ್ಟೆಗೆ ಹೆಂಗೆ ಬರ್ತೈತೆ?" ಎಂದು ನಕ್ಕರು. ಮರುದಿನದಿಂದ ಅತ್ತೆ ಆ ತಟ್ಟೆಯಲ್ಲಿ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ, ಮಲಗಿದ್ದ ಮೊಮ್ಮಗಳಿಗೆ ತಾವೇ ತಿನ್ನಿಸತೊಡಗಿದರು. ಮಾತ್ರೆಯಿಂದ ಉಚ್ಚೆ ಕಿತ್ತಳೆ ಬಣ್ಣವಾದಾಗ ಮನೆಯಲ್ಲಿ ನಕ್ಕವಳು ಅಮೂಲ್ಯ ಒಬ್ಬಳೇ.

ಆ ಹದಿನೈದು ದಿನ ನಾನು ಶಾಲೆಗೆ ಹೋಗಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಒಂದೇ ಕೆಲಸ. ಅವಳ ಕಣ್ಣು ಮುಚ್ಚಿಸಿ, ಎಡಗಾಲಿನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ, ಯಾವುದು ಎಂದು ಕೇಳುವುದು. ಹೆಬ್ಬೆರಳು ಸರಿಯಾಗಿ ಹೇಳುತ್ತಿದ್ದಳು. ಉಳಿದವು ತಪ್ಪುತ್ತಿದ್ದವು. ನಾಲ್ಕನೇ ದಿನ ಹೆಬ್ಬೆರಳೂ ತಪ್ಪಿತು. ಅವಳು ಕಣ್ಣು ತೆರೆದು ನನ್ನ ಮುಖ ನೋಡಿ, "ಸರಿ ಹೇಳಿದ್ನಾ?" ಎಂದಳು. "ಹೂಂ" ಎಂದೆ. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನಿಂತೆ. ಆ ನೀರಿನ ಸದ್ದಿನಲ್ಲಿ ನನಗೆ ಮತ್ತೆ ಮತ್ತೆ ಕೇಳುತ್ತಿದ್ದುದು ನನ್ನದೇ ದನಿ. ಇನ್ನೂ ಸ್ವಲ್ಪ. ಇನ್ನೂ ಸ್ವಲ್ಪ.

ಒಂಬತ್ತನೇ ದಿನ ಹೆಬ್ಬೆರಳು ಮತ್ತೆ ಸಿಕ್ಕಿತು. ಹನ್ನೆರಡನೇ ದಿನ ಕಿರುಬೆರಳು. ಹದಿನೈದನೇ ದಿನ ಡಾಕ್ಟರಮ್ಮ ಅವಳ ಪಾದದ ಕೆಳಗೆ ಕೈ ಇಟ್ಟು "ಒತ್ತು" ಎಂದರು. ಒತ್ತಿದಳು. "ಇನ್ನೂ ಜೋರಾಗಿ." ಇನ್ನೂ ಜೋರಾಗಿ ಒತ್ತಿದಳು. "ಆಪರೇಷನ್ ಬೇಡ," ಎಂದರು.

ಅವತ್ತು ಹಿಂದಿರುಗುವಾಗ ಬಸ್ಸಿನಲ್ಲಿ ಮನೆಯವರಿಗೆ ಎಲ್ಲವನ್ನೂ ಹೇಳಿದೆ. ನಾನು ಬೈಗುಳಕ್ಕೆ ಕಾಯುತ್ತಿದ್ದೆ.

"ಆ ಹುಡುಗನಿಗೆ ಎಷ್ಟು ಬೈದೆ ನಾನು," ಎಂದರು ಕೊನೆಗೆ. ಸ್ವಲ್ಪ ದೂರ ಹೋದ ಮೇಲೆ, "ನಿನ್ ಹತ್ರ ಕಲ್ತೋರೆಲ್ಲ ಹಿಂಗೇನಾ? ಒಬ್ಬನಿಗೂ ಆಗಲ್ಲ ಅನ್ನಾಕೆ ಬರಲ್ವಾ?" ಅಷ್ಟೇ. ಆಮೇಲೆ ಆ ವಿಷಯ ಎತ್ತಲಿಲ್ಲ. ಎತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಡಾಕ್ಟರಮ್ಮನಿಗೂ ಒಂದು ದಿನ ಹೇಳಿದೆ. ಮೊದಲ ಚಿತ್ರ ಸರಿಯಾಗಿ ಬಂದಿದ್ದರೆ ಆಗಲೇ ಕಾಣುತ್ತಿತ್ತೇ ಎಂದು ಕೇಳಿದೆ.

"ಕಂಡಿರಬಹುದು. ಕಾಣದೆಯೂ ಇರಬಹುದು. ಶುರುವಲ್ಲಿ ಒಳ್ಳೇ ಎಕ್ಸ್‌ರೇಯಲ್ಲೂ ಕಾಣಲ್ಲಮ್ಮ."

"ಕಡಿಮೆ ಮಾಡು ಅಂದವಳು ನಾನೇ."

ಅವರು ಬರೆಯುವುದನ್ನು ನಿಲ್ಲಿಸಿದರು. "ಮಗುವಿಗೆ ಕಡಿಮೆ ಕೊಡಬೇಕು ಅನ್ನೋದು ಸರಿಯೇ. ನಾವೂ ಅದನ್ನೇ ನೋಡ್ತೀವಿ. ಎಷ್ಟು ಅನ್ನೋದನ್ನ ಮಾತ್ರ ಆ ಕೆಲಸ ಕಲಿತವನಿಗೆ ಬಿಡಬೇಕಿತ್ತು." ದನಿಯಲ್ಲಿ ಸಿಟ್ಟಿರಲಿಲ್ಲ. ಕಂಡಿರಬಹುದು, ಕಾಣದೆಯೂ ಇರಬಹುದು. ಈ ಎರಡರ ನಡುವೆ ನನಗೆ ಇನ್ನೂ ನಿದ್ದೆ ಸರಿಯಾಗಿ ಬರುವುದಿಲ್ಲ.

ಆರು ತಿಂಗಳಿಗೆ ಮತ್ತೆ ಎಕ್ಸ್‌ರೇ ಬರೆದರು, ಎರಡು. ನಿಮ್ಮ ಊರಲ್ಲೇ ತೆಗೆಸಿ ಕಳಿಸಿ ಎಂದರು. ನಾನು ಬೇಕೆಂದೇ ತಿಪ್ಪೇಶನ ಹತ್ತಿರ ಹೋದೆ. ಬೆನ್ನಿಗೆ ಬೆಲ್ಟು ಕಟ್ಟಿಕೊಂಡು ನಡೆದು ಬಂದ ಅಮೂಲ್ಯಳನ್ನು ನೋಡಿ ಅವನು ಎದ್ದು ನಿಂತ. ಬಾಗಿಲಿನಲ್ಲೇ ನಾನು, "ತಪ್ಪು ನಂದು ತಿಪ್ಪೇಶ, ಬೈಗುಳ ನೀನು ತಿಂದೆ," ಎಂದೆ. ಅವನು ನನ್ನ ಮುಖ ನೋಡದೆ ಚೀಟಿಯನ್ನು ನೋಡುತ್ತಾ ಹೇಳಿದ.

"ನೀವು ಕೇಳಿದ್ದು ತಪ್ಪಲ್ಲ ಮೇಡಂ. ತಾಯಿ ಆದೋರು ಕೇಳ್ತಾರೆ. ನಾನು ಇಳಿಸಬಾರ್ದಿತ್ತು. ಆ ರಾತ್ರಿಯೆಲ್ಲ ಅದೇ ಯೋಚನೆ ಇತ್ತು ನಂಗೆ. ಆದ್ರೂ ಬಂದು ಹೇಳಲಿಲ್ಲ."

ಆಮೇಲೆ ಅವನು ಚೀಟಿಯನ್ನು ಇನ್ನೊಮ್ಮೆ ಓದಿ ಫೋನು ತೆಗೆದ. ಚಿತ್ರದುರ್ಗದ ಆಸ್ಪತ್ರೆಗೆ ಮಾಡಿ, ಡಾಕ್ಟರಮ್ಮನನ್ನೇ ಕೇಳಿ, "ಮೇಡಂ, ಈ ಮಗೂಗೆ ಮುಂದಿಂದೂ ಬೇಕಾ? ಈ ಸಲ ಪಕ್ಕದ್ದು ಒಂದರಲ್ಲೇ ನಿಮಗೆ ನೋಡ್ಬೇಕಾದ್ದು ಸಿಗ್ತೈತಾ?" ಎಂದ. ಆ ಕಡೆಯಿಂದ ಏನೋ ಹೇಳಿದರು. "ಸರಿ, ಒಂದೇ ತೆಗೀತೀನಿ. ಚೆನ್ನಾಗಿ ತೆಗೀತೀನಿ," ಎಂದು ಫೋನು ಇಟ್ಟ.

ಅವಳನ್ನು ಮಲಗಿಸಲು ಅವನು ಹತ್ತು ನಿಮಿಷ ತೆಗೆದುಕೊಂಡ. ಮಂಡಿಗಳ ನಡುವೆ ಸಣ್ಣ ದಿಂಬು, ಕೈ ತಲೆಯ ಹತ್ತಿರ. ಬೆಳಕಿನ ಚೌಕವನ್ನು ಬೆನ್ನಿನ ಆ ಭಾಗಕ್ಕಷ್ಟೇ ಬೀಳುವಂತೆ ಕಿರಿದು ಮಾಡಿದ. ಉಸಿರು ಹಿಡಿಯುವುದನ್ನು ಎರಡು ಸಲ ಸುಮ್ಮನೆ ಅಭ್ಯಾಸ ಮಾಡಿಸಿದ. ಆಮೇಲೆ ಗಾಜಿನ ಹಿಂದೆ ಬಂದ. ಅಭ್ಯಾಸಬಲದಿಂದ ನಾನೂ ಅವನ ಹಿಂದೆ ಹೋದೆ.

"ನೀವು ಹೊರಗಿರ್ರಿ ಮೇಡಂ."

"ಇಲ್ಲೇ ಒಂದು ಕಡೆ..."

"ಹೊರಗೆ, ಮೇಡಂ."

ಹತ್ತು ವರ್ಷದಲ್ಲಿ ಅವನು ನನಗೆ ಬೇಡ ಎಂದದ್ದು ಅದೇ ಮೊದಲು. ನಾನು ಹೊರಗೆ ಬಂದೆ, ಅವನು ಬಾಗಿಲು ಹಾಕಿಕೊಂಡ. ಬೆಂಚಿನ ಮೇಲೆ ಕುಳಿತಿದ್ದವರೊಬ್ಬರು ಸರಿದು ಜಾಗ ಮಾಡಿಕೊಟ್ಟರು. ಒಳಗಿನಿಂದ "ಉಸಿರು ಹಿಡ್ಕೋ ಪುಟ್ಟಿ" ಎನ್ನುವುದು ಕೇಳಿಸಿತು. ಯಂತ್ರ ಒಂದೇ ಒಂದು ಸಲ ಸದ್ದು ಮಾಡಿತು. ಎಷ್ಟು ಇಟ್ಟೆ ಎಂದು ನಾನು ಅವನನ್ನು ಕೇಳಲಿಲ್ಲ.

ಸವೆದಿದ್ದ ಎರಡು ಎಲುಬುಗಳು ಈಗ ಕೂಡಿಕೊಂಡು ಒಂದಾಗಿವೆ. ಕಾಲಿಗೆ ಏನೂ ತೊಂದರೆ ಇಲ್ಲ. ಬೆನ್ನಿನ ನಡುವೆ ಒಂದು ಸಣ್ಣ ಉಬ್ಬು ಮಾತ್ರ ಉಳಿದಿದೆ, ಹೋಗುವುದಿಲ್ಲ ಎಂದಿದ್ದಾರೆ. ಬೆಳಿಗ್ಗೆ ಅವಳ ಶಾಲೆಯ ಸಮವಸ್ತ್ರದ ಜಿಪ್ಪನ್ನು ಹಿಂದಿನಿಂದ ಎಳೆಯುವಾಗ ನನ್ನ ಕೈ ಅಲ್ಲಿಗೆ ಬಂದು ನಿಲ್ಲುತ್ತದೆ. ಏಳು ವಾರ ಮುಂಚೆ ತಿಳಿದಿದ್ದರೆ ಇದು ಇರುತ್ತಿರಲಿಲ್ಲವೋ ಏನೋ ಎಂದು ಕೊರಗುತ್ತಾ ನಿಲ್ಲುತ್ತೇನೆ.

"ಅಮ್ಮಾ, ವ್ಯಾನು ಬಂದೈತೆ," ಎನ್ನುತ್ತಾಳೆ ಅಮೂಲ್ಯ, ಒಂದು ಕಾಲು ಆಗಲೇ ಹೊಸಿಲಿನ ಆಚೆ. "ಬೇಗ ಎಳಿ."